ಮಂಡಿ ಎಷ್ಟು ಮಡಚುತ್ತದೆ, ಮನುಷ್ಯ ಎಷ್ಟು ದುಡಿಯಬಲ್ಲ

ಈ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಬಹಳ ಕಿರಿದಾದ ವಿಷಯ: ಅಮೆರಿಕದಲ್ಲಿ ಮಾಜಿ ಸೈನಿಕರ ಮಂಡಿಯ ಊನಕ್ಕೆ ಶೇಕಡಾವಾರು ಪ್ರಮಾಣ ಗೊತ್ತುಮಾಡುವ ನಿರ್ಣಯಗಳು. ಬೇಕೆಂದೇ ಕಿರಿದಾದದ್ದನ್ನು ಆರಿಸಿಕೊಂಡೆ. ಸೈನಿಕನ ಋಣ, ಸರ್ಕಾರದ ಹೊಣೆ ಎಂಬ ದೊಡ್ಡ ಮಾತುಗಳೆಲ್ಲ ನಿಜವಾದ ಪರೀಕ್ಷೆಗೆ ಒಳಗಾಗುವುದು, ಒಬ್ಬ ಅಧಿಕಾರಿ ಕಡತವೊಂದನ್ನು ಮುಂದಿಟ್ಟುಕೊಂಡು 10 ಎಂದು ಬರೆಯಲೋ 20 ಎಂದು ಬರೆಯಲೋ ಎಂದು ಯೋಚಿಸುವ ಗಳಿಗೆಯಲ್ಲಿ. ಮಂಡಿಯೇನೂ ಅಲ್ಲಿ ಅಪರೂಪದ ದೂರಲ್ಲ. ಮಾಜಿ ಸೈನಿಕರ ಇಲಾಖೆ ಪರಿಹಾರ ಕೊಡುತ್ತಿರುವ ಊನಗಳ ಪಟ್ಟಿಯಲ್ಲಿ ಕಿವಿಯ ಮೊರೆತದ ಜೊತೆಜೊತೆಗೇ ಮೊದಲ ಕೆಲವು ಸ್ಥಾನಗಳಲ್ಲಿ ವರ್ಷವರ್ಷವೂ ಕಾಣಿಸಿಕೊಳ್ಳುವುದು ಪೂರ್ತಿ ಮಡಚಲಾಗದ ಮಂಡಿ. ಭಾರ ಹೊತ್ತು ಮೈಲಿಗಟ್ಟಲೆ ನಡೆಯುವುದು, ಪ್ಯಾರಾಚೂಟಿನಲ್ಲಿ ಇಳಿದು ನೆಲಕ್ಕೆ ಅಪ್ಪಳಿಸುವುದು, ಟ್ರಕ್ಕಿನ ಹಿಂಬದಿಯಿಂದ ಧುಮುಕುವುದು, ಇವೆಲ್ಲ ಸೇರಿ ಅಸ್ಥಿರಜ್ಜು ಹರಿಯುತ್ತವೆ, ಮೆನಿಸ್ಕಸ್ ಎಂಬ ಮೆತ್ತೆ ಸೀಳುತ್ತದೆ, ಹತ್ತಿಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಕೀಲು ಸವೆದಿರುತ್ತದೆ. ಈ ಮಂಡಿಗಳ ಬಗ್ಗೆ ಬರುವ ನಿರ್ಣಯಗಳಲ್ಲಿ ಒಂದು ದೋಷ ಮತ್ತೆ ಮತ್ತೆ ತಲೆ ಹಾಕುತ್ತದೆ ಎಂಬುದು ನನ್ನ ವಾದ. ಕಾನೂನು ಕೇಳುವುದು ದುಡಿಯುವ ಶಕ್ತಿ ಎಷ್ಟು ಕುಂದಿದೆ ಎಂದು. ನಿರ್ಣಯ ಉತ್ತರಿಸುವುದು ತಪಾಸಣೆಯ ದಿನ ಮಂಡಿ ಎಷ್ಟು ಡಿಗ್ರಿ ಮಡಚಿತು ಎಂದು. ಅಳತೆಯಿಂದ ಶುರುವಾಗಬೇಕಾದ ವಿಚಾರ ಅಳತೆಯಲ್ಲೇ ನಿಂತುಬಿಡುತ್ತದೆ.

ಮೊದಲು ವ್ಯವಸ್ಥೆಯನ್ನು ತಿಳಿದುಕೊಳ್ಳೋಣ. ಇಂದಿಗೂ ಬಳಕೆಯಲ್ಲಿರುವ ಊನಮಾಪನ ಪಟ್ಟಿಯ ಚೌಕಟ್ಟು 1945ರದು. ಆಗಾಗ ಭಾಗ ಭಾಗವಾಗಿ ತಿದ್ದುಪಡಿ ಕಂಡಿದೆ, ಮೂಳೆ ಮತ್ತು ಕೀಲುಗಳ ಭಾಗ 2021ರ ಫೆಬ್ರವರಿಯಲ್ಲಿ ಬದಲಾಯಿತು. ಆದರೂ ಬುನಾದಿ ಅದೇ. ಪಟ್ಟಿಯ ಮೊದಲ ನಿಯಮವೇ ಅದರ ಗುರಿಯನ್ನು ಹೇಳುತ್ತದೆ: ಸೇವೆಯಿಂದ ಬಂದ ಕಾಯಿಲೆ ಅಥವಾ ಗಾಯದಿಂದ ನಾಗರಿಕ ಬದುಕಿನಲ್ಲಿ ಗಳಿಸುವ ಸಾಮರ್ಥ್ಯ ಸರಾಸರಿ ಎಷ್ಟು ಕುಂದುತ್ತದೋ ಅದನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವುದು. ಪ್ರಮಾಣಗಳು 10ರಿಂದ 100ರವರೆಗೆ ಹತ್ತು ಹತ್ತರ ಮೆಟ್ಟಿಲುಗಳಲ್ಲಿ ಏರುತ್ತವೆ. ಅವಲಂಬಿತರಿಲ್ಲದ ಮಾಜಿ ಸೈನಿಕನಿಗೆ 2025ರಲ್ಲಿ ಶೇಕಡಾ 10ಕ್ಕೆ ತಿಂಗಳಿಗೆ ಸುಮಾರು 175 ಡಾಲರ್, 20ಕ್ಕೆ ಸುಮಾರು 347, 30ಕ್ಕೆ ಸುಮಾರು 537 ಡಾಲರ್ ಸಿಗುತ್ತಿತ್ತು. ಜೀವಮಾನವಿಡೀ ಬರುವ ಹಣವಾದ್ದರಿಂದ ಒಂದು ಮೆಟ್ಟಿಲಿನ ವ್ಯತ್ಯಾಸ ಒಂದು ಕುಟುಂಬಕ್ಕೆ ಸಣ್ಣದಲ್ಲ. ಇಲಾಖೆಯ ಮೊದಲ ನಿರ್ಣಯ ಒಪ್ಪಿಗೆಯಾಗದಿದ್ದರೆ ಮಾಜಿ ಸೈನಿಕರ ಮೇಲ್ಮನವಿ ಮಂಡಳಿ ಇದೆ. ಅದರ ಮೇಲೆ 1988ರ ಕಾಯಿದೆಯಿಂದ ಹುಟ್ಟಿದ ಪ್ರತ್ಯೇಕ ನ್ಯಾಯಾಲಯ. ಅದರಾಚೆ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ. 1988ಕ್ಕೂ ಮೊದಲು ಈ ನಿರ್ಣಯಗಳನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ದಾರಿಯೇ ಹೆಚ್ಚುಕಡಿಮೆ ಮುಚ್ಚಿತ್ತು.

ಈಗ ಮಂಡಿಯ ಅಂಕಿಗಳಿಗೆ ಬರೋಣ, ಏಕೆಂದರೆ ವಾದದ ತಿರುಳು ಅಲ್ಲೇ ಇದೆ. ಆರೋಗ್ಯವಂತ ಮಂಡಿ ಸೊನ್ನೆಯಿಂದ 140 ಡಿಗ್ರಿವರೆಗೆ ಮಡಚುತ್ತದೆ ಎಂದು ಪಟ್ಟಿ ಇಟ್ಟುಕೊಂಡಿದೆ. ಮಡಚುವಿಕೆ 45 ಡಿಗ್ರಿಗೆ ನಿಂತುಹೋದರೆ ಶೇಕಡಾ 10, 30 ಡಿಗ್ರಿಗೆ ನಿಂತರೆ 20, 15 ಡಿಗ್ರಿಗೆ ನಿಂತರೆ 30. 60 ಡಿಗ್ರಿಗೆ ನಿಂತರೆ ಸೊನ್ನೆ. ಕಾಲು ನೇರವಾಗಿ ಚಾಚಲು ಬಾರದಿರುವುದಕ್ಕೆ ಬೇರೆ ಲೆಕ್ಕ: 10 ಡಿಗ್ರಿ ಕೊರತೆಗೆ ಶೇಕಡಾ 10, 15 ಡಿಗ್ರಿಗೆ 20, 20 ಡಿಗ್ರಿಗೆ 30, ಹೀಗೆ 45 ಡಿಗ್ರಿಗೆ 50ರವರೆಗೆ. ಮಡಚುವಿಕೆಯ ಅಂಕಿಗಳನ್ನು ದಿನದ ಬದುಕಿನ ಪಕ್ಕದಲ್ಲಿಟ್ಟು ನೋಡಬೇಕು. ಸಮನೆಲದ ಮೇಲೆ ಸಹಜವಾಗಿ ನಡೆಯುವುದಕ್ಕೇ ಮಂಡಿ ಸುಮಾರು 60 ಡಿಗ್ರಿ ಮಡಚಬೇಕು. ಮೆಟ್ಟಿಲಿಗೆ, ಕುರ್ಚಿಯಲ್ಲಿ ಕೂತು ಏಳುವುದಕ್ಕೆ 90ರ ಆಸುಪಾಸು ಬೇಕು. ಕುಕ್ಕರಗಾಲಿನಲ್ಲಿ ಕೂರುವುದಕ್ಕೆ 120ನ್ನೂ ದಾಟಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂದರೆ, ಮಂಡಿ 60 ಡಿಗ್ರಿಗೆ ಸೆಟೆದು ನಿಂತ ಮನುಷ್ಯ ಕೊಳಾಯಿ ರಿಪೇರಿ ಮಾಡಲಾರ, ಏಣಿ ಹತ್ತಲಾರ, ಬಸ್ಸಿನ ಸೀಟಿನಲ್ಲಿ ಕಾಲು ಮಡಚಿ ಕೂರಲಾರ. ಬರಿಯ ಡಿಗ್ರಿಯ ಲೆಕ್ಕದಲ್ಲಿ ಆತನಿಗೆ ಸಿಗುವುದು ಸೊನ್ನೆ. ಸವೆದ ಕೀಲಿನ ಬಹುಪಾಲು ಮಂಡಿಗಳು ತಪಾಸಣೆಯ ಮೇಜಿನ ಮೇಲೆ ನಿಧಾನವಾಗಿ ಒಂದು ಸಲ 100 ಡಿಗ್ರಿಯೋ 110 ಡಿಗ್ರಿಯೋ ಮಡಚುತ್ತವೆ. ಅವನ್ನು ನಿಜವಾಗಿ ಊನಗೊಳಿಸುವುದು ಹತ್ತನೆಯ ಸಲ ಮಡಚುವಾಗಿನ ನೋವು, ಸಂಜೆಯ ಊತ, ಇಳಿಜಾರಿನಲ್ಲಿ ಇದ್ದಕ್ಕಿದ್ದಂತೆ ಕುಸಿಯುವುದು. ಕೋನಮಾಪಕ ಇವುಗಳಲ್ಲಿ ಒಂದನ್ನೂ ಕಾಣುವುದಿಲ್ಲ.

ಹಾಗಾದರೆ ತಪ್ಪು ಪಟ್ಟಿಯದೇ ಎನ್ನಬಹುದೆ? ಪೂರ್ತಿ ಅಲ್ಲ. ಅಂಕಿಗಳು ಬಿಗಿಯಾಗಿವೆ, ನಿಜ. ಆದರೆ ಅವನ್ನು ಹೇಗೆ ಓದಬೇಕೆಂದು ಹೇಳುವ ನಿಯಮಗಳು ಅದೇ ಪಟ್ಟಿಯ ಮುಂಭಾಗದಲ್ಲಿವೆ, ಮತ್ತು ಅವು ಬಹಳ ಮಾನವೀಯವಾದ, ಕಣ್ಣುಬಿಟ್ಟು ನೋಡಿ ಬರೆದ ನಿಯಮಗಳು. 4.40ನೇ ಸೆಕ್ಷನ್ನಿನ ಪ್ರಕಾರ ಕೀಲಿನ ಊನವೆಂದರೆ ದೇಹದ ಸಾಮಾನ್ಯ ದುಡಿಮೆಯ ಚಲನೆಗಳನ್ನು ಸಾಮಾನ್ಯ ವ್ಯಾಪ್ತಿ, ಬಲ, ವೇಗ, ಹೊಂದಾಣಿಕೆ ಮತ್ತು ತಾಳಿಕೆಯೊಡನೆ ಮಾಡಲಾಗದಿರುವುದು. ಬಳಸಿದಾಗ ನೋಯುವ ಅಂಗವನ್ನು ಗಂಭೀರವಾಗಿ ಊನಗೊಂಡದ್ದೆಂದೇ ಪರಿಗಣಿಸಬೇಕು ಎಂದೂ ಅಲ್ಲಿದೆ. 4.45ನೇ ಸೆಕ್ಷನ್ ಕೀಲುಗಳ ವಿಚಾರದಲ್ಲಿ ಬಲಹೀನತೆ, ಬೇಗನೆ ಆಯಾಸಗೊಳ್ಳುವುದು, ಊತ, ನಿಲ್ಲುವಾಗಿನ ಅಸ್ಥಿರತೆ, ಕೂರಲು ನಿಲ್ಲಲು ಭಾರ ಹೊರಲು ಆಗುವ ಅಡ್ಡಿ ಇವೆಲ್ಲವನ್ನೂ ಗಮನಿಸಿ ಎನ್ನುತ್ತದೆ. ನೋವಿನಿಂದ ಕೂಡಿದ ಕೀಲಿಗೆ ಕನಿಷ್ಠ ಪರಿಹಾರದ ಪ್ರಮಾಣವಾದರೂ ಸಲ್ಲಬೇಕು ಎನ್ನುವುದು 4.59. ಎರಡು ಮೆಟ್ಟಿಲುಗಳ ನಡುವೆ ಅನುಮಾನ ಬಂದು ಊನದ ಚಿತ್ರ ಮೇಲಿನದಕ್ಕೆ ಹತ್ತಿರವಿದ್ದರೆ ಮೇಲಿನದನ್ನೇ ಕೊಡಿ ಎನ್ನುವುದು 4.7. ಸಾಕ್ಷ್ಯ ಎರಡೂ ಕಡೆ ಸರಿಸುಮಾರು ಸಮನಾಗಿದ್ದರೆ ಸಂಶಯದ ಲಾಭ ಸೈನಿಕನಿಗೆ ಎಂಬುದು ಶಾಸನದ ಮಾತು. ಇಷ್ಟೆಲ್ಲ ಇರುವಾಗ 45 ಮತ್ತು 30 ಎಂಬ ಅಂಕಿಗಳನ್ನು ಒಂಟಿಯಾಗಿ ಎತ್ತಿಕೊಂಡು ಓದುವುದು ಆ ನಿಯಮಾವಳಿಯ ಅರ್ಧವನ್ನು ಮಾತ್ರ ಓದಿದಂತೆ.

ನ್ಯಾಯಾಲಯಗಳು ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿರುವುದೂ ಇದನ್ನೇ. 1995ರ ಡಿಲೂಕಾ ತೀರ್ಪು ನೋವು, ಬಲಹೀನತೆ, ಆಯಾಸಗಳಿಂದ ಆಗುವ ಹೆಚ್ಚುವರಿ ನಷ್ಟವನ್ನು ವೈದ್ಯರು ಸಾಧ್ಯವಿದ್ದಷ್ಟೂ ಡಿಗ್ರಿಯ ಭಾಷೆಯಲ್ಲೇ ಹೇಳಬೇಕೆಂದಿತು. ಅಂದರೆ ಮೇಜಿನ ಮೇಲೆ 100 ಡಿಗ್ರಿ ಮಡಚುವ ಮಂಡಿ ನೋವು ಕೆರಳಿದ ದಿನ 40ಕ್ಕೇ ನಿಲ್ಲುವುದಾದರೆ, ಆ 40 ಕೂಡ ಕಡತಕ್ಕೆ ಬರಬೇಕು. 2016ರ ಕೊರೇಯಾ ತೀರ್ಪು ಕೀಲನ್ನು ರೋಗಿ ತಾನೇ ಆಡಿಸಿದಾಗ, ವೈದ್ಯರು ಆಡಿಸಿದಾಗ, ಭಾರ ಹಾಕಿದಾಗ, ಭಾರ ಹಾಕದಿದ್ದಾಗ, ಹೀಗೆ ನಾಲ್ಕೂ ರೀತಿಯಲ್ಲಿ ನೋವಿನ ಪರೀಕ್ಷೆ ಮಾಡಿ, ಸರಿಯಿರುವ ಇನ್ನೊಂದು ಕೀಲಿನೊಡನೆ ಹೋಲಿಸಬೇಕೆಂದಿತು. ಮಂಡಿಯ ಮಟ್ಟಿಗೆ ಇದು ಬಹಳ ದೊಡ್ಡ ಮಾತು, ಏಕೆಂದರೆ ಮಂಡಿಯ ಕೆಲಸವೇ ಭಾರ ಹೊರುವುದು. ಮಲಗಿಸಿ ಅಳೆದ ಮಂಡಿ ಕೆಲಸದಲ್ಲಿರುವ ಮಂಡಿಯಲ್ಲ. 2017ರ ಶಾರ್ಪ್ ತೀರ್ಪು ಇನ್ನೊಂದು ನೆಪವನ್ನು ತೆಗೆದುಹಾಕಿತು. ‘ತಪಾಸಣೆಯ ದಿನ ನೋವು ಉಲ್ಬಣಿಸಿರಲಿಲ್ಲ, ಆದ್ದರಿಂದ ಏನನ್ನೂ ಹೇಳಲಾಗದು’ ಎಂದು ಬರೆದು ಕೈ ತೊಳೆದುಕೊಳ್ಳುವಂತಿಲ್ಲ. ಉಲ್ಬಣ ಎಷ್ಟು ಸಲ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಆಗ ಏನು ಮಾಡಲಾಗುವುದಿಲ್ಲ ಎಂದು ಸೈನಿಕನನ್ನೇ ಕೇಳಿ, ದಾಖಲೆಗಳನ್ನು ನೋಡಿ, ಅಂದಾಜು ಕೊಡಬೇಕು.

ಈ ಸಾಲಿನಲ್ಲಿ ಮಂಡಿಗೇ ಸೇರಿದ್ದು 2018ರ ಸಾಂಡರ್ಸ್ ಮೊಕದ್ದಮೆ. 1987ರಿಂದ 1994ರವರೆಗೆ ಭೂಸೇನೆಯಲ್ಲಿದ್ದ ಮಹಿಳೆಯೊಬ್ಬರ ಮಂಡಿನೋವಿನ ಪ್ರಶ್ನೆ ಅದು. ಸೇವೆಯಲ್ಲಿದ್ದಾಗಲೇ ನೋವಿಗೆ ಚಿಕಿತ್ಸೆ ಆಗಿತ್ತು. ಮುಂದೆ ತಪಾಸಣೆ ಮಾಡಿದವರು ನಿಲ್ಲಲು ನಡೆಯಲು ತೊಂದರೆ ಇದೆ ಎಂದು ಒಪ್ಪಿದರೂ ಕೀಲಿನಲ್ಲಿ ಗುರುತಿಸಬಹುದಾದ ರೋಗವೇನೂ ಇಲ್ಲ ಎಂದರು. ರೋಗದ ಹೆಸರಿಲ್ಲದ ಬರಿಯ ನೋವು ಊನವಲ್ಲ ಎಂಬ ಹಳೆಯ ನಿಲುವನ್ನು ಹಿಡಿದು ಕೆಳಗಿನ ಹಂತಗಳಲ್ಲಿ ಹಕ್ಕು ತಿರಸ್ಕೃತವಾಯಿತು. ಫೆಡರಲ್ ಸರ್ಕ್ಯೂಟ್ ಆ ನಿಲುವನ್ನು ಬದಿಗೆ ಸರಿಸಿತು: ದೇಹದ ಕೆಲಸವನ್ನು ನೋವು ಕುಂದಿಸುತ್ತಿದ್ದರೆ, ರೋಗನಿದಾನ ಇರಲಿ ಇಲ್ಲದಿರಲಿ, ಅದು ಊನವೇ ಆಗಬಲ್ಲದು. ಹಾಗೆಂದು ನೋವಿದೆ ಎಂದ ಮಾತ್ರಕ್ಕೆ ಏನು ಬೇಕಾದರೂ ಸಿಗುತ್ತದೆ ಎಂದಲ್ಲ. 2011ರ ಮಿಚೆಲ್ ತೀರ್ಪಿನ ಗೆರೆ ಹಾಗೆಯೇ ಇದೆ: ನೋವಿರುವುದಷ್ಟೇ ಹೆಚ್ಚಿನ ಪ್ರಮಾಣಕ್ಕೆ ಸಾಲದು, ನೋವಿನಿಂದ ಕೆಲಸ ನಿಂತಿರಬೇಕು. ಎರಡೂ ತೀರ್ಪುಗಳ ಕಣ್ಣು ಒಂದೇ ಕಡೆ, ಅಂದರೆ ಕೆಲಸದ ಕಡೆ ಇರುವುದನ್ನು ಗಮನಿಸಬೇಕು. ನೋವನ್ನು ನಿರ್ಲಕ್ಷಿಸುವ ಅಧಿಕಾರಿಯೂ ತಪ್ಪುತ್ತಾನೆ, ನೋವಿನ ಹೆಸರಷ್ಟನ್ನೇ ಹಿಡಿದು ವಾದಿಸುವ ವಕೀಲನೂ ತಪ್ಪುತ್ತಾನೆ.

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ನಿರ್ಣಯಗಳು ಡಿಗ್ರಿಗೇ ಏಕೆ ಮರಳುತ್ತವೆ? ಡಿಗ್ರಿಯನ್ನು ಬರೆಯುವುದು ಸುಲಭ, ಸಮರ್ಥಿಸುವುದು ಇನ್ನೂ ಸುಲಭ. ತಪಾಸಣೆಯ ನಮೂನೆಯಲ್ಲಿ ಅದಕ್ಕೊಂದು ಚೌಕ ಇದೆ. ಬಲ, ವೇಗ, ತಾಳಿಕೆಗಳಿಗೆ ಅಂಥ ಅಚ್ಚುಕಟ್ಟಾದ ಜಾಗವಿಲ್ಲ. ಅವನ್ನು ವಾಕ್ಯಗಳಲ್ಲಿ ಬರೆಯಬೇಕು, ಕಾರಣ ಕೊಡಬೇಕು. 2021ರ ತಿದ್ದುಪಡಿಯಲ್ಲೂ ಇದೇ ಒಲವು ಕೆಲಸ ಮಾಡಿದೆ ಎಂದು ನನಗೆ ಅನಿಸುತ್ತದೆ. ಮಂಡಿಯ ಅಸ್ಥಿರತೆಗೆ ಮೊದಲು ಅಲ್ಪ, ಮಧ್ಯಮ, ತೀವ್ರ ಎಂಬ ಮೂರು ಮಾತುಗಳಿದ್ದವು. ಕ್ರಮವಾಗಿ 10, 20, 30. ಅವು ಸಡಿಲವಾದ ಮಾತುಗಳು, ಒಬ್ಬರಿಗೆ ಅಲ್ಪವೆನಿಸಿದ್ದು ಇನ್ನೊಬ್ಬರಿಗೆ ಮಧ್ಯಮವೆನಿಸುತ್ತಿತ್ತು, ಬದಲಿಸಬೇಕಿತ್ತು. ಆದರೆ ಅವುಗಳ ಜಾಗಕ್ಕೆ ಬಂದದ್ದು ಅಸ್ಥಿರಜ್ಜು ಹರಿದಿದೆಯೇ, ವೈದ್ಯರು ಬ್ರೇಸನ್ನೋ ಊರುಗೋಲನ್ನೋ ಬರೆದುಕೊಟ್ಟಿದ್ದಾರೆಯೇ ಎಂಬ ಅಳತೆಗೋಲು. ಭಾಗಶಃ ಹರಿದ ಅಸ್ಥಿರಜ್ಜುವಿನಿಂದ ಮಂಡಿ ಸದಾ ಜಾರುವ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬನಿಗೆ ವೈದ್ಯರು ಬ್ರೇಸ್ ಬರೆದುಕೊಟ್ಟಿದ್ದಾರೆ, ಅವನಿಗೆ 20. ಆಸ್ಪತ್ರೆ ದೂರವೆಂದು ಔಷಧಿ ಅಂಗಡಿಯಲ್ಲಿ ತಾನೇ ಕೊಂಡು ಕಟ್ಟಿಕೊಂಡವನಿಗೆ 10. ಇಬ್ಬರ ಮಂಡಿಯೂ ಒಂದೇ ಥರ ಜಾರುತ್ತದೆ, ಇಬ್ಬರ ದುಡಿಮೆಯೂ ಒಂದೇ ಥರ ತಗ್ಗಿದೆ. ಸ್ಪಷ್ಟತೆ ಬಂತು, ಆದರೆ ಅಳೆಯಬೇಕಾದ ವಸ್ತುವೇ ಕೈತಪ್ಪಿತು.

ಇದಕ್ಕೆ ಬರುವ ಆಕ್ಷೇಪಗಳನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮೊದಲನೆಯದು ಎಲ್ಲರ ಬಾಯಲ್ಲೂ ಬರುವುದು: ಡಿಗ್ರಿ ಸುಳ್ಳು ಹೇಳುವುದಿಲ್ಲ, ಮನುಷ್ಯ ಹೇಳುತ್ತಾನೆ, ನೋವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ನಟನೆಗೆ ಬಾಗಿಲು ತೆರೆದಂತೆ. ಮೊದಲ ಉತ್ತರ ಏನೆಂದರೆ, ಡಿಗ್ರಿಯನ್ನೂ ನಟಿಸಬಹುದು. ಮಂಡಿಯನ್ನು 50ಕ್ಕೇ ನಿಲ್ಲಿಸಿ ‘ಇನ್ನಾಗದು’ ಎನ್ನುವುದು ಕಷ್ಟವೇನಲ್ಲ. ಎರಡನೆಯದಾಗಿ, ದೇಹದ ಕೆಲಸ ನಿಂತಿದ್ದರೆ ಅದು ದೇಹದ ಮೇಲೆ ಗುರುತು ಬಿಡುತ್ತದೆ. 4.40ನೇ ಸೆಕ್ಷನ್ ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬಳಸದ ಅಂಗದಲ್ಲಿ ಸ್ನಾಯು ಸೊರಗಿರುತ್ತದೆ, ಚರ್ಮದ ಸ್ಥಿತಿ ಬದಲಾಗಿರುತ್ತದೆ, ಇರಬೇಕಾದ ಕಡೆ ಜಡ್ಡು ಇರುವುದಿಲ್ಲ; ಇವನ್ನು ನೋಡಿ ಎಂದು ಅವರು ಬರೆದಿದ್ದಾರೆ. ಒಂದು ತೊಡೆಯ ಸುತ್ತಳತೆಯನ್ನು ಇನ್ನೊಂದರೊಡನೆ ಹೋಲಿಸುವುದು, ಚಪ್ಪಲಿಯ ಅಟ್ಟೆ ಯಾವ ಕಡೆ ಸವೆದಿದೆ ಎಂದು ನೋಡುವುದು, ಹತ್ತು ಸಲ ಕೂತೆದ್ದ ಮೇಲೆ ಮತ್ತೆ ಅಳೆಯುವುದು, ಇವಕ್ಕೆ ದುಬಾರಿ ಯಂತ್ರವೇನೂ ಬೇಡ. ಕೆಲಸವನ್ನು ಆಧರಿಸಿದ ತಪಾಸಣೆ ಮೋಸಕ್ಕೆ ಅನುಕೂಲವಲ್ಲ, ಮೋಸವನ್ನು ಹಿಡಿಯಲು ಹೆಚ್ಚು ಸಾಕ್ಷ್ಯ ಒದಗಿಸುತ್ತದೆ. ತನ್ನ ಮಂಡಿ ಎಂದು ಊದಿಕೊಂಡಿತು, ಎಂದು ಕುಸಿಯಿತು ಎಂದು ಹೇಳಲು ವೈದ್ಯಕೀಯ ಪದವಿಯೂ ಬೇಕಿಲ್ಲ; ಕಣ್ಣಿಗೆ ಕಾಣುವ ಲಕ್ಷಣಗಳ ಬಗ್ಗೆ ಸಾಮಾನ್ಯನ ಸಾಕ್ಷ್ಯ ಸಲ್ಲುತ್ತದೆ ಎಂದು ಅಲ್ಲಿನ ನ್ಯಾಯಾಲಯಗಳು ಹಲವು ಬಾರಿ ಹೇಳಿವೆ.

ಎರಡನೆಯ ಆಕ್ಷೇಪ ವೈದ್ಯರದು, ಮತ್ತು ಅದರಲ್ಲಿ ಪ್ರಾಮಾಣಿಕತೆ ಇದೆ. ಕಾಣದ ದಿನದ ಮಂಡಿ ಇಷ್ಟೇ ಡಿಗ್ರಿ ಮಡಚುತ್ತದೆಂದು ನಾನು ಹೇಗೆ ಹೇಳಲಿ, ಅದು ಬರಿಯ ಊಹೆಯಾಗುತ್ತದೆ ಎಂದು ಅವರು ಕೇಳುತ್ತಾರೆ. ಆದರೆ ವೈದ್ಯವೃತ್ತಿ ದಿನವೂ ಮಾಡುವುದು ಇದನ್ನೇ ಅಲ್ಲವೆ? ರಾತ್ರಿ ಬರುವ ಉಬ್ಬಸವನ್ನು ಬೆಳಿಗ್ಗೆ ಬಂದ ರೋಗಿಯ ಮಾತಿನಿಂದ, ಮೂರ್ಛೆರೋಗವನ್ನು ಮನೆಯವರು ಕಂಡದ್ದರಿಂದ ತಿಳಿದುಕೊಂಡು ಮದ್ದು ಬರೆಯುತ್ತಾರೆ. ಆಧಾರವಿಲ್ಲದ ಊಹೆಗೂ ಆಧಾರ ಹೇಳಿ ಕೊಟ್ಟ ಅಂದಾಜಿಗೂ ಅಂತರವಿದೆ. ನಿಜವಾಗಿಯೂ ಹೇಳಲಾಗದಿದ್ದರೆ ಹಾಗೆಂದು ಬರೆಯಲು ಅವಕಾಶವೂ ಇದೆ. ಏಕೆ ಹೇಳಲಾಗದು ಎಂಬ ಕಾರಣ ಮಾತ್ರ ಜೊತೆಗಿರಬೇಕು. ಔಷಧದ ಪ್ರಶ್ನೆಯಲ್ಲೂ ಇಂಥದೇ ತೊಡಕು. ಪಟ್ಟಿಯಲ್ಲಿ ಔಷಧದ ಪ್ರಸ್ತಾಪವೇ ಇಲ್ಲದ ಕಡೆ, ಗುಳಿಗೆ ನುಂಗಿ ಬಂದ ಉಪಶಮನವನ್ನು ಸೈನಿಕನ ವಿರುದ್ಧ ಎಣಿಸಬಾರದೆಂಬ 2012ರ ಜೋನ್ಸ್ ತೀರ್ಪಿನ ತತ್ವವನ್ನು 2025ರ ಇಂಗ್ರಾಮ್ ತೀರ್ಪು ಕೀಲುಗಳಿಗೂ ಅನ್ವಯಿಸಿತು. ಗುಳಿಗೆಯಿಲ್ಲದ ಮಂಡಿಯನ್ನು ಯಾರೂ ಕಂಡಿಲ್ಲ ಎಂಬ ವಿರೋಧ ಆಗಲೂ ಎದ್ದಿತು. ಅದಕ್ಕೂ ಉತ್ತರ ಇದೇ: ಕೇಳಿ, ದಾಖಲೆ ನೋಡಿ, ಕಾರಣ ಸಹಿತ ಅಂದಾಜು ಮಾಡಿ.

ಮೂರನೆಯ ಆಕ್ಷೇಪ ಆಡಳಿತದ್ದು. ಲಕ್ಷಾಂತರ ಅರ್ಜಿಗಳನ್ನು ತೀರ್ಮಾನಿಸುವ ಇಲಾಖೆಗೆ ಏಕರೂಪತೆ ಬೇಕು. ಒಂದೇ ಥರದ ಮಂಡಿಗೆ ಒಂದು ಕಚೇರಿಯಲ್ಲಿ 10, ಇನ್ನೊಂದರಲ್ಲಿ 30 ಸಿಕ್ಕರೆ ಅದೂ ಅನ್ಯಾಯವೇ. ಆಕ್ಷೇಪಗಳಲ್ಲೆಲ್ಲ ಇದೇ ಹೆಚ್ಚು ತೂಕದ್ದು. ಇಲ್ಲಿ ನಮ್ಮ ದೇಶದ ದಾರಿಯನ್ನು ನೋಡುವುದು ಉಪಯುಕ್ತ, ಏಕೆಂದರೆ ಕೊಡಗಿನಿಂದಲೋ ಬೆಳಗಾವಿಯಿಂದಲೋ ಸೇನೆಗೆ ಸೇರಿ ಮಂಡಿ ಕೆಡಿಸಿಕೊಂಡು ಮರಳಿದವನ ಕಡತವೂ ಇಂಥದೇ ವೈದ್ಯಕೀಯ ಮಂಡಳಿಯ ಮುಂದೆ ಹೋಗುತ್ತದೆ. ಭಾರತದಲ್ಲಿ ಸಾಮಾನ್ಯವಾಗಿ ಶೇಕಡಾ 20ಕ್ಕಿಂತ ಕಡಿಮೆ ಊನಕ್ಕೆ ಪಿಂಚಣಿಯ ಅಂಗವೈಕಲ್ಯದ ಅಂಶ ಸಿಗುವುದಿಲ್ಲ. ಅದಕ್ಕಿಂತ ಮೇಲಿನವನ್ನು ಮೂರು ಅಗಲವಾದ ಪಟ್ಟೆಗಳಲ್ಲಿ ಇಡುತ್ತಾರೆ: 50ಕ್ಕಿಂತ ಕಡಿಮೆಯದನ್ನು 50 ಎಂದು, 50ರಿಂದ 75ರವರೆಗಿನದನ್ನು 75 ಎಂದು, 76ರಿಂದ ಮೇಲಿನದನ್ನು 100 ಎಂದು ಎಣಿಸುತ್ತಾರೆ. ಐದನೇ ವೇತನ ಆಯೋಗದ ಶಿಫಾರಸಿನಿಂದ ಬಂದ ಈ ಕ್ರಮವನ್ನು ಸುಪ್ರೀಂ ಕೋರ್ಟು 2014ರ ಡಿಸೆಂಬರಿನ ರಾಮ್ ಅವತಾರ್ ತೀರ್ಪಿನಲ್ಲಿ ವಯೋನಿವೃತ್ತಿ ಹೊಂದಿದವರಿಗೂ ವಿಸ್ತರಿಸಿತು. ವೈದ್ಯಕೀಯ ಮಂಡಳಿಗಳ ಶೇಕಡಾ ಲೆಕ್ಕ ನೂಲಿನಷ್ಟು ಸೂಕ್ಷ್ಮವಾಗಿರಲು ಸಾಧ್ಯವಿಲ್ಲ ಎಂಬ ತಿಳಿವಳಿಕೆ ಇದರ ಹಿಂದಿದೆ, ಅದು ವಿವೇಕದ ಮಾತು. ಆದರೆ ಈ ದಾರಿಯಲ್ಲಿ 19 ಮತ್ತು 20ರ ನಡುವಿನ ಗೆರೆ ಪ್ರಪಾತವಾಗುತ್ತದೆ. ಒಂದು ಅಂಕದ ಈಚೆ ಇರುವವನಿಗೆ ಸೊನ್ನೆ, ಆಚೆ ಇರುವವನಿಗೆ 50. ಅಗಲವಾದ ಪಟ್ಟೆ ಅನುಮಾನವನ್ನು ಅಳಿಸುವುದಿಲ್ಲ, ಗೆರೆಯ ಬಳಿಗೆ ಸಾಗಿಸುತ್ತದೆ ಅಷ್ಟೆ. ಆದ್ದರಿಂದ ಅಲ್ಲಾಗಲಿ ಇಲ್ಲಾಗಲಿ ಏಕರೂಪತೆ ಬರಬೇಕಾದ್ದು ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳುವುದರಿಂದ: ಎಷ್ಟು ಹೊತ್ತು ನಿಲ್ಲಬಲ್ಲ, ಎಷ್ಟು ದೂರ ನಡೆಯಬಲ್ಲ, ಎಷ್ಟು ಭಾರ ಹೊರಬಲ್ಲ, ತಿಂಗಳಲ್ಲಿ ಎಷ್ಟು ದಿನ ಇವು ಆಗುವುದಿಲ್ಲ. ಈ ಪ್ರಶ್ನೆಗಳನ್ನು ನಮೂನೆಯ ಮೊದಲ ಪುಟದಲ್ಲೇ ಹಾಕಿದರೆ ಏಕರೂಪತೆಗೆ ಯಾವ ಕುಂದೂ ಬರುವುದಿಲ್ಲ.

ಖರ್ಚಿನ ಮಾತು ಉಳಿಯಿತು. ನೋವಿನ ಪ್ರತಿ ಉಲ್ಬಣವನ್ನೂ ಲೆಕ್ಕ ಹಿಡಿದರೆ ಬೊಕ್ಕಸ ತಡೆದೀತೆ? ಪ್ರಮಾಣಗಳು ಮಿತಿಮೀರಿ ಬೆಳೆಯದಂತೆ ನಿಯಮಾವಳಿಯಲ್ಲೇ ತಡೆಗಳಿವೆ. ಒಂದೇ ಲಕ್ಷಣಕ್ಕೆ ಎರಡು ಸಲ ಅಂಕ ಕೊಡುವಂತಿಲ್ಲ. ಒಂದು ಕಾಲಿನ ಎಲ್ಲ ಊನಗಳನ್ನು ಕೂಡಿಸಿದರೂ ಆ ಕಾಲನ್ನೇ ಕತ್ತರಿಸಿದ್ದರೆ ಸಿಗುತ್ತಿದ್ದ ಪ್ರಮಾಣವನ್ನು ಮೀರುವಂತಿಲ್ಲ. ತೊಡೆಯ ಮಧ್ಯದಲ್ಲಿ ಕತ್ತರಿಸಿದರೆ ಅದು 60. ಬೇರೆ ಬೇರೆ ಊನಗಳನ್ನು ಸುಮ್ಮನೆ ಕೂಡಿಸುವುದೂ ಇಲ್ಲ, 30 ಮತ್ತು 20 ಸೇರಿದರೆ ವಿಶೇಷ ಕೋಷ್ಟಕದ ಪ್ರಕಾರ 44 ಆಗಿ, 40ಕ್ಕೆ ಇಳಿಯುತ್ತದೆ. ಇಷ್ಟು ತಡೆಗಳ ಒಳಗೆ ನಿಜವಾದ ನಷ್ಟವನ್ನು ನಿಜವಾಗಿ ಎಣಿಸಿದರೆ ಆಗುವ ಖರ್ಚು, ಯುದ್ಧದ ಖರ್ಚಿನ ಕೊನೆಯ ಕಂತು. ಅದನ್ನು ಕೊಡಲಾಗದು ಎನ್ನುವುದಾದರೆ ಶಾಸನಸಭೆ ಹಾಗೆಂದು ಬಾಯಿಬಿಟ್ಟು ಹೇಳಿ ಕಾನೂನನ್ನು ಬದಲಿಸಲಿ. ಕಾನೂನನ್ನು ಉದಾರವಾಗಿಯೇ ಇಟ್ಟು, ತಪಾಸಣೆಯ ಮೇಜಿನ ಮೇಲೆ ಅದನ್ನು ಸದ್ದಿಲ್ಲದೆ ಕುಗ್ಗಿಸುವುದು ನ್ಯಾಯವಲ್ಲ.

ಈ ಮಾತನ್ನು ಈಗ ಒತ್ತಿ ಹೇಳುವುದಕ್ಕೆ ಕಾರಣವಿದೆ. 2025ರ ಮಾರ್ಚಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬಫ್ಕಿನ್ ಮೊಕದ್ದಮೆಯಲ್ಲಿ 7-2ರ ಬಹುಮತದಿಂದ ಒಂದು ತೀರ್ಪು ಕೊಟ್ಟಿತು. ಸಾಕ್ಷ್ಯ ಎರಡೂ ಕಡೆ ಸರಿಸುಮಾರು ಸಮನಾಗಿತ್ತೇ ಎಂಬ ತೀರ್ಮಾನವನ್ನು ಮಾಜಿ ಸೈನಿಕರ ನ್ಯಾಯಾಲಯ ಹೊಸದಾಗಿ ತೂಗಿ ನೋಡಬೇಕಿಲ್ಲ. ಎದ್ದು ಕಾಣುವ ತಪ್ಪಿದ್ದರೆ ಮಾತ್ರ ಕೈ ಹಾಕಬಹುದು. ಅಂದರೆ ಸಂಶಯದ ಲಾಭ ಸೈನಿಕನಿಗೆ ಸಿಗುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಇಲಾಖೆ ಮತ್ತು ಮೇಲ್ಮನವಿ ಮಂಡಳಿಯ ಹಂತದಲ್ಲೇ ಇತ್ಯರ್ಥವಾಗುತ್ತದೆ. ಮಂಡಳಿ ತನ್ನ ತೀರ್ಮಾನಕ್ಕೆ ಕಾರಣಗಳನ್ನು ಬರೆಯಲೇಬೇಕೆಂಬ ಶಾಸನದ ಕಟ್ಟಳೆ ಮಾತ್ರ ಉಳಿದಿದೆ, ಆ ಕಾರಣಗಳಲ್ಲೇ ನ್ಯಾಯ ಅಡಗಿರಬೇಕು. ಮಂಡಿಯ ನಿರ್ಣಯ ಬರೆಯುವ ಪ್ರತಿಯೊಬ್ಬ ಅಧಿಕಾರಿಯಲ್ಲಿ, ತಪಾಸಣೆ ಮಾಡುವ ಪ್ರತಿಯೊಬ್ಬ ವೈದ್ಯರಲ್ಲಿ, ಅದು ಅಲ್ಲಿನವರಿರಲಿ ನಮ್ಮ ಸೇನಾ ಆಸ್ಪತ್ರೆಗಳವರಿರಲಿ, ನನ್ನ ಬೇಡಿಕೆ ಒಂದೇ: ಡಿಗ್ರಿಯನ್ನು ಬರೆಯಿರಿ, ಅದರ ಕೆಳಗೆ ಆ ಮಂಡಿಯಿಂದ ಕೆಟ್ಟ ದಿನದಲ್ಲಿ ಯಾವ ಕೆಲಸ ಆಗುವುದಿಲ್ಲ ಎಂಬುದನ್ನೂ ಬರೆಯಿರಿ, ಆಮೇಲೆ ಶೇಕಡಾ ಹಾಕಿ.